ಪ್ರಶ್ನಾವಳಿಯೋ ಮಾತುಕತೆಯೋ: ಮಲ್ಪೆಯಲ್ಲಿ ಎರಡನ್ನೂ ಮಾಡಿ ನೋಡಿದಾಗ

ಪ್ರಾಜೆಕ್ಟ್ ಶುರು ಮಾಡುವ ವಿದ್ಯಾರ್ಥಿಗಳು ಮೊದಲು ಕೇಳುವುದೇ ಇದು: ಪರಿಮಾಣಾತ್ಮಕ ವಿಧಾನ (ಪ್ರಶ್ನಾವಳಿ ಹಿಡಿದು ಎಣಿಸುವುದು) ಒಳ್ಳೆಯದೋ, ಗುಣಾತ್ಮಕವೋ (ಕೂತು ಮಾತಾಡಿ ಅರ್ಥ ಮಾಡಿಕೊಳ್ಳುವುದು)? ಮಲ್ಪೆ ಬಂದರಿನಿಂದ ಮೀನು ಕೊಂಡು ಮಾರುವ ಹೆಂಗಸರ ಸಾಲದ ಬಗ್ಗೆ ತಿಳಿಯಲು ನಾನು ಎರಡನ್ನೂ ಬಳಸಿದ್ದೇನೆ.

ಪ್ರಶ್ನಾವಳಿಯ ದೊಡ್ಡ ಗುಣ ವೇಗ. ಬುಟ್ಟಿ ಎದುರಿಗಿಟ್ಟು ಕೂತವರು ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡುವುದು ಕಷ್ಟ. ಎಲ್ಲರಿಗೂ ಅದೇ ಪ್ರಶ್ನೆ ಕೇಳುವುದರಿಂದ ಉತ್ತರಗಳನ್ನು ಎಣಿಸಬಹುದು, ಹೋಲಿಸಬಹುದು. ಆದರೆ ಎಷ್ಟು ಮಂದಿಯನ್ನು ಕೇಳಬೇಕು? ದೊಡ್ಡ ಗುಂಪಿನ ಬಗ್ಗೆ ಶೇ 95ರ ವಿಶ್ವಾಸ ಮಟ್ಟದಲ್ಲಿ, ಶೇ 5ರಷ್ಟು ಆಚೀಚೆ ಇಟ್ಟುಕೊಂಡು ಹೇಳಲು ಸುಮಾರು 384 ಜನ ಬೇಕು. ಅಂದರೆ ಹೀಗೆ ನೂರು ಸಲ ಜನರನ್ನು ಆರಿಸಿ ಕೇಳಿದರೆ ಸುಮಾರು 95 ಸಲ ನಮ್ಮ ಲೆಕ್ಕ ನಿಜವಾದ ಸಂಖ್ಯೆಯಿಂದ ಶೇ 5ಕ್ಕಿಂತ ಆಚೀಚೆ ಹೋಗುವುದಿಲ್ಲ. 100 ಜನಕ್ಕೆ ನಿಲ್ಲಿಸಿದರೆ ಈ ಆಚೀಚೆ ಶೇ 10ರ ಹತ್ತಿರ ಹೋಗುತ್ತದೆ. ಅದೂ ಚೀಟಿ ಎತ್ತಿದ ಹಾಗೆ, ಎಲ್ಲರಿಗೂ ಸಮಾನ ಅವಕಾಶ ಇರುವಂತೆ ಆರಿಸಿದರೆ ಮಾತ್ರ. ಸಂಜೆ ಬಿಡುವಾಗಿ ಸಿಕ್ಕವರನ್ನೇ ಕೇಳಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಮೀನು ಬೇಗ ಖಾಲಿಯಾದವರು ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಾರೆ, ಅಲ್ವಾ?

ಸಾಲ ಎಲ್ಲಿಂದ ಎಂಬ ಪ್ರಶ್ನೆಗೆ ಬ್ಯಾಂಕ್, ಸೊಸೈಟಿ, ಸ್ವಸಹಾಯ ಸಂಘ, ಬೇರೆ ಎಂಬ ಆಯ್ಕೆಗಳಿದ್ದವು. ಟಿಕ್ ಜಾಸ್ತಿ ಬಿದ್ದದ್ದು ‘ಬೇರೆ’ಗೆ. ಅಲ್ಲಿಗೆ ಪ್ರಶ್ನಾವಳಿ ಸುಮ್ಮನಾಯಿತು. ಏನೋ ದೊಡ್ಡದಿದೆ ಎಂದು ತೋರಿಸಿತು, ಏನೆಂದು ಹೇಳಲಿಲ್ಲ.

ಅದನ್ನು ಹೇಳಿದ್ದು ಮಾತುಕತೆ. ತುಳುವಿನಲ್ಲಿ, ಗಡಿಬಿಡಿ ಇಲ್ಲದೆ, ಅವರ ಮನೆಯ ಜಗಲಿಯಲ್ಲಿ ಕೂತು ಕೇಳಿದಾಗ ವಿಷಯ ಬಿಚ್ಚಿಕೊಂಡಿತು. ಬೆಳಿಗ್ಗೆ ಕಡಕ್ಕೆ ಮೀನು ತರುತ್ತಾರೆ, ಮಾರಿದ ಮೇಲೆ ದುಡ್ಡು ಕೊಡುತ್ತಾರೆ. ಬಂಗುಡೆ ಬೆಲೆ ಇಳಿದ ದಿನ ಬಾಕಿ ಉಳಿಯುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಹಳೆಯ ಬಾಕಿ ಹಾಗೇ ಕೂತಿರುತ್ತದೆ. ಕೆಲವರು ಒಣಮೀನು ಮಾರಿ ದಿನ ದೂಡುತ್ತಾರೆ. ಒಬ್ಬರಂತೂ ಬಾಕಿ ಇರುವವರ ಹತ್ತಿರವೇ ಮರುದಿನವೂ ಮೀನು ಕೊಳ್ಳಬೇಕಾದ ಕಷ್ಟವನ್ನು ಬಹಳ ಹೊತ್ತು ಹೇಳಿದರು. ಇದಕ್ಕೆ ಯಾವ ಟಿಕ್ ಬಾಕ್ಸ್ ಇಡುವುದು?

ಇಲ್ಲಿ 384ರ ಲೆಕ್ಕ ನಡೆಯುವುದಿಲ್ಲ. ಹೊಸ ಸಂಗತಿ ಬರುವುದು ನಿಂತಾಗ ನಿಲ್ಲಿಸುವುದು ವಾಡಿಕೆ. ಈ ಯೋಚನೆಯನ್ನು 1967ರಲ್ಲಿ ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ ಮುಂದಿಟ್ಟರು. ಆದರೆ ಶ್ರಮ ಬಹಳ. ಒಂದು ಗಂಟೆಯ ರೆಕಾರ್ಡಿಂಗ್ ಬರೆದಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಇಷ್ಟಾದರೂ ‘ಮಲ್ಪೆಯಲ್ಲಿ ಶೇ ಇಷ್ಟು ಹೆಂಗಸರು’ ಎಂದು ಬರೆಯುವ ಹಕ್ಕು ನಮಗೆ ಬರುವುದಿಲ್ಲ.

ಗೊತ್ತಿಲ್ಲದ ವಿಷಯವಾದರೆ ನನ್ನ ಮತ ಮಾತುಕತೆಗೆ. ಸಮಯ ಇದ್ದರೆ ಮೊದಲು ಕೆಲವರ ಜೊತೆ ಕೂತು ಮಾತಾಡಿ, ಅಲ್ಲಿ ಸಿಕ್ಕಿದ್ದನ್ನು ಆಯ್ಕೆಗಳಾಗಿ ಮಾಡಿ, ಆಮೇಲೆ ಪ್ರಶ್ನಾವಳಿ ಹಿಡಿದು ಹೋಗಿ. ಆಗ ‘ಕಡಕ್ಕೆ ತಂದ ಮೀನು’ ಎಂಬುದಕ್ಕೂ ಅದರದೇ ಒಂದು ಬಾಕ್ಸ್ ಇರುತ್ತದೆ, ಎಷ್ಟು ಮಂದಿ ಎಂದು ಎಣಿಸಲೂ ಆಗುತ್ತದೆ.