ಶಿರಸಿಯಲ್ಲಿ ಪ್ರಿಂಟ್ ಆದ ನಿಜ ಗಾತ್ರದ ಎಲ್ಕ್: ಬಟ್ಟೆ ಬ್ಯಾನರ್ ಟಾರ್ಗೆಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಕೆಲಸ ತುಂಬಾ ಚೆನ್ನಾಗಿ ಆಗಿದೆ. ಬಿಲ್ಲುಗಾರಿಕೆ ಅಭ್ಯಾಸ ಮಾಡುವವರು ಯಾರಾದರೂ ನಿಜ ಗಾತ್ರದ ಪ್ರಾಣಿಯ ಟಾರ್ಗೆಟ್ ಬೇಕು ಅಂತಿದ್ದರೆ ಹೊರಗಿನಿಂದ ತರಿಸಬೇಕಾಗಿಲ್ಲ. ಶಿರಸಿ ಪೇಟೆಯ ಬ್ಯಾನರ್ ಅಂಗಡಿ, ಒಬ್ಬ ಟೇಲರ್, ಒಬ್ಬ ಬಡಗಿ, ಇಷ್ಟು ಸಾಕು.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್ ಆಗಿದ್ದವನು. ಅಕ್ಕನ ಮಗ ಕೊಲೊರಾಡೊದ ಡೆನ್ವರಿನಲ್ಲಿದ್ದಾನೆ. ಎಲ್ಕ್ ಅಂದರೆ ಅಲ್ಲಿನ ದೊಡ್ಡ ಜಾತಿಯ ಜಿಂಕೆ, ಅಮೆರಿಕದಲ್ಲಿ ಅದು ಅತಿ ಹೆಚ್ಚು ಇರುವ ರಾಜ್ಯ ಕೊಲೊರಾಡೊ. ಸೆಪ್ಟೆಂಬರಿನಲ್ಲಿ ಅಲ್ಲಿ ಬಿಲ್ಲುಬೇಟೆಯ ಸೀಸನ್, ಅವನೂ ಹೋಗುತ್ತಾನೆ. ಲೈಸೆನ್ಸ್ ಬೇಕು, 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರೆಲ್ಲ ಬೇಟೆಗಾರರ ತರಬೇತಿ ಮುಗಿಸಿರಬೇಕು. ನಮ್ಮದು ಸಸ್ಯಾಹಾರಿ ಮನೆ, ಅಕ್ಕನಿಗೆ ಈ ವಿಷಯ ಇವತ್ತಿಗೂ ಸಮಾಧಾನ ಇಲ್ಲ. ನನಗಿದ್ದದ್ದು ಒಂದೇ ಮಾತು. ಬಾಣ ಬಿಡುವವನಾದರೆ ಸರಿಯಾಗಿ ಕಲಿತು ಬಿಡಲಿ. ಗಾಯ ಮಾಡಿಕೊಂಡ ಪ್ರಾಣಿ ಕಾಡಿನಲ್ಲಿ ನರಳುತ್ತಾ ಓಡಬಾರದು.

ಅಲ್ಲಿ ಫೋಮಿನ ಎಲ್ಕ್ ಸಿಗುತ್ತದೆ. ಆದರೆ ನಿಜ ಗಾತ್ರದ್ದು ಸಾವಿರ ಡಾಲರ್ ದಾಟುತ್ತದೆ, ಇಡಲು ಜಾಗವೂ ಬೇಕು. ಹಾಗಾಗಿ ಅವನು ರಜೆಗೆ ಬಂದಾಗ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿದೆವು. ಒಂದು ಪ್ರತಿ ಮಡಚಿ ಅವನ ಸೂಟ್‌ಕೇಸಿಗೆ ಹೋಯಿತು, ಇನ್ನೊಂದು ನನ್ನ ಹತ್ತಿರ ಇದೆ.

ಗಾತ್ರದ ಬಗ್ಗೆ ಇಷ್ಟು ಹಟ ಯಾಕೆ ಅಂತ ಅಂಗಡಿಯ ಹುಡುಗನೂ ಕೇಳಿದ. ಗಂಡು ಎಲ್ಕ್ ಭುಜದ ಹತ್ತಿರ ಸುಮಾರು 5 ಅಡಿ ಎತ್ತರ, ಉದ್ದ 8 ಅಡಿ, ತೂಕ 300 ಕಿಲೋ ದಾಟುತ್ತದೆ. ನಮ್ಮ ಕಾಡಿನ ಜಿಂಕೆ ಜಾತಿಯಲ್ಲಿ ಅದಕ್ಕೆ ಹತ್ತಿರ ಬರುವುದು ದೊಡ್ಡ ಕಡವೆ ಮಾತ್ರ. ಇಷ್ಟು ದೊಡ್ಡ ಮೈ ಕಣ್ಣಿಗೆ ಬಿದ್ದಾಗ ಅದು ಇರುವುದಕ್ಕಿಂತ ಹತ್ತಿರ ಇದೆ ಅಂತ ಅನಿಸುತ್ತದೆ. 40 ಗಜ ದೂರವನ್ನು 30 ಅಂದುಕೊಂಡು ಬಿಟ್ಟರೆ ಬಾಣ ಎದೆಯ ಕೆಳಗೆ ಹೋಗುತ್ತದೆ, ಇಲ್ಲವೇ ಕಾಲಿಗೆ ತಾಗುತ್ತದೆ. ಅರ್ಧ ಗಾತ್ರದ ಚಿತ್ರ ಇಟ್ಟು ಎಷ್ಟು ಅಭ್ಯಾಸ ಮಾಡಿದರೂ ಈ ತಪ್ಪು ತಿದ್ದುವುದಿಲ್ಲ. ಇನ್ನೊಂದು, ವೃತ್ತಗಳಿರುವ ಟಾರ್ಗೆಟ್ಟಿನಲ್ಲಿ ನಡುವಿನ ಹಳದಿ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ. ಎಂಟಡಿ ಉದ್ದದ ಕಂದು ಮೈಯಲ್ಲಿ ಒಂದು ಜಾಗ ಹುಡುಕಿ ಅಲ್ಲೇ ಕಣ್ಣು ನಿಲ್ಲಿಸುವುದು ಬೇರೆಯೇ ಕೆಲಸ.

ಫೋಟೋ ಅಳಿಯನದ್ದೇ. ಎಸ್ಟೆಸ್ ಪಾರ್ಕ್ ಅನ್ನುವ ಊರಲ್ಲಿ ಶರತ್ಕಾಲಕ್ಕೆ ಎಲ್ಕ್‌ಗಳು ಪೇಟೆಯೊಳಗೇ ಬರುತ್ತವೆ. ಅಲ್ಲಿ ಪೂರ್ತಿ ಅಡ್ಡ ನಿಂತ ಗಂಡಿನ ಫೋಟೋ ತೆಗೆದಿದ್ದ. ಮೊದಲು ಬೇರೆ ಊರಿನ ಒಂದು ಅಂಗಡಿಯಲ್ಲಿ ಕೊಟ್ಟಿದ್ದೆವು. ಬ್ಯಾನರಿನ ಅಳತೆಗೆ ಹೊಂದಲಿ ಅಂತ ಚಿತ್ರವನ್ನೇ ಅಡ್ಡಕ್ಕೆ ಎಳೆದುಬಿಟ್ಟಿದ್ದರು. ಎತ್ತರ ಸರಿ ಇತ್ತು, ಆದರೆ ಎದೆ ಅಗಲವಾಗಿ ಕೂತಿತ್ತು. ಅಂಥದ್ದರ ಮೇಲೆ ಅಭ್ಯಾಸ ಮಾಡಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಶಿರಸಿಯ ಹುಡುಗ ಹಾಗೆ ಮಾಡಲಿಲ್ಲ. ಗೊರಸಿನಿಂದ ಭುಜದವರೆಗೆ 5 ಅಡಿ ಅಂತ ಕಂಪ್ಯೂಟರಿನಲ್ಲಿ ಹಾಕಿ, ಉದ್ದವನ್ನು ಮುಟ್ಟಲೇ ಇಲ್ಲ. ಅದು ತಾನಾಗಿ ಎಷ್ಟು ಬಂತೋ ಅಷ್ಟು. ಬಟ್ಟೆಯ ರೋಲ್ ಅಗಲ ಐದಡಿಗಿಂತ ಚೂರು ಜಾಸ್ತಿ, ಹಾಗಾಗಿ ತಲೆ ಮತ್ತು ಕೊಂಬು ಬೇರೆ ತುಂಡಾಗಿ ಬರಲೇಬೇಕಿತ್ತು. "ಮಾಸ್ತರ್ರೇ, ಜೋಡಣೆ ಎಲ್ಲಿ ಬಂದ್ರೆ ನಿಮಗೆ ತೊಂದರೆ ಇಲ್ಲ?" ಅಂತ ಅವನೇ ಕೇಳಿದ. ಎದೆ ಮೇಲೆ ಮಾತ್ರ ಬೇಡ ಅಂದೆ. ಬೆನ್ನಿನ ಮೇಲ್ಗಡೆ, ಕುತ್ತಿಗೆಯನ್ನು ಅಡ್ಡ ಹಾಯುವಂತೆ ಗೆರೆ ತಂದ. ಟೇಲರ್ ಎರಡನ್ನೂ ಕೂಡಿಸಿ ಹೊಲಿದಿದ್ದಾರೆ. ಹತ್ತು ಹೆಜ್ಜೆ ದೂರದಿಂದ ಹೊಲಿಗೆ ಗೊತ್ತೇ ಆಗುವುದಿಲ್ಲ. ಬಟ್ಟೆ, ಪ್ರಿಂಟ್, ಹೊಲಿಗೆ ಸೇರಿ ಒಂದಕ್ಕೆ ಎರಡು ಸಾವಿರದೊಳಗೆ ಮುಗಿಯಿತು.

ಕೊಂಬು ಬಿಟ್ಟರೆ ಖರ್ಚು ಕಡಿಮೆ ಆಗುತ್ತಿತ್ತು. ಆದರೆ ಬೇಕು ಅಂತಲೇ ಹಾಕಿಸಿದೆವು. ದೊಡ್ಡ ಕೊಂಬು ಕಂಡ ಕೂಡಲೇ ನೋಟ ಅಲ್ಲಿಗೇ ಹೋಗುತ್ತದೆ, ಬಾಣವೂ ನೋಟದ ಹಿಂದೆ ಹೋಗುತ್ತದೆ. ಕೊಂಬಿದ್ದೂ ಅದನ್ನು ನೋಡದೆ ಇರುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಬೇಕು, ಅಲ್ವಾ?

ಫ್ಲೆಕ್ಸ್ ಬೇಡ, ಬಟ್ಟೆಯೇ ಇರಲಿ ಅಂತ ಸಲಹೆ ಕೊಟ್ಟದ್ದೂ ಅಂಗಡಿಯವರೇ. ಫ್ಲೆಕ್ಸ್ ಬಿಸಿಲಿಗೆ ಹೊಳೆಯುತ್ತದೆ, ಪ್ರಾಣಿಯ ಮೈ ಬಣ್ಣ ಸರಿಯಾಗಿ ಕಾಣುವುದಿಲ್ಲ. ಬಟ್ಟೆಗೆ ಆ ತೊಂದರೆ ಇಲ್ಲ, ಮಡಚಿದರೆ ಒಂದು ಸೀರೆಯಷ್ಟೇ ಆಗುತ್ತದೆ.

ಈಗ ಬಟ್ಟೆಯಲ್ಲಿ ಎದೆ ಬರುವ ಜಾಗದ ಹಿಂದೆ, ಬಾಣ ತಡೆಯಲು ಇಡುವ ಬ್ಲಾಕ್. ಇದು ಬಡಗಿಯ ಕೈಕೆಲಸ. ಕಿರಾಣಿ ಅಂಗಡಿ, ಟಿವಿ ಶೋರೂಮ್‌ಗಳಿಂದ ರಟ್ಟಿನ ಪೆಟ್ಟಿಗೆ ತಂದು, ಒಂದೂಕಾಲು ಅಡಿ ಅಗಲದ ಪಟ್ಟಿಗಳಾಗಿ ಕೊಯ್ದು, ಒಂದರ ಮೇಲೊಂದು ಪೇರಿಸಿದೆವು. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ನಾಲ್ಕು ಮೂಲೆಗೆ ಥ್ರೆಡ್ ರಾಡ್. ನಟ್ ತಿರುಗಿಸಿದಷ್ಟೂ ರಟ್ಟು ಒತ್ತಿ ಕೂರುತ್ತದೆ. ಬಾಣ ರಟ್ಟಿನ ಅಂಚಿಗೆ ಬಿದ್ದು ಪದರಗಳ ನಡುವೆ ತೂರುತ್ತದೆ, ಎರಡೂ ಕಡೆಯ ಉಜ್ಜಾಟಕ್ಕೆ ನಿಲ್ಲುತ್ತದೆ. ಅಳಿಯನದ್ದು ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲು, ಎಳೆಯಲು 60 ಪೌಂಡ್ ಬಲ ಬೇಕು, ಅದರ ಬಾಣವೂ ಹಿಂದೆ ಹಾಯಲಿಲ್ಲ. ಎಳೆದರೆ ಎರಡು ಬೆರಳಲ್ಲಿ ಬರುತ್ತದೆ. ನಡುವಿನ ಪದರ ಸಡಿಲಾದರೆ ನಟ್ ಬಿಚ್ಚಿ ಮೇಲಿನದ್ದನ್ನು ನಡುವೆ ಹಾಕಿ ಮತ್ತೆ ಬಿಗಿ ಮಾಡುವುದು. ಬ್ರಾಡ್‌ಹೆಡ್, ಅಂದರೆ ಬೇಟೆಗೆ ಬಳಸುವ ಅಲಗಿನ ಮೊನೆ, ಮಾತ್ರ ಇದಕ್ಕೆ ಹೊಡೆಯಲೇಬೇಡಿ, ಅದರ ಅಲಗು ರಟ್ಟನ್ನು ಹರಿದುಹಾಕುತ್ತದೆ. ಅದಕ್ಕೆ ಬೇರೆ ಫೋಮ್ ಬ್ಲಾಕ್ ಇಟ್ಟುಕೊಳ್ಳಬೇಕು.

ನನಗೆ ಬಹಳ ಇಷ್ಟವಾದದ್ದು ಬಟ್ಟೆಯ ಹಿಂಬದಿ. ಎದುರಿಗೆ ಯಾವ ಗುರುತೂ ಇಲ್ಲ. ಹಿಂದೆ ಮಾತ್ರ ಹೃದಯ, ಶ್ವಾಸಕೋಶದ ಜಾಗವನ್ನು ಸುಮಾರು 15 ಇಂಚು ಅಗಲಕ್ಕೆ ಸುತ್ತಲೂ ಗೆರೆ ಎಳೆದು ಮಾರ್ಕರಿನಲ್ಲಿ ಬರೆದಿದ್ದೇವೆ. ಮುಂಗಾಲಿನ ಹಿಂಬದಿ ಹಿಡಿದು ಮೇಲೆ ಬಂದರೆ ಮೈಯ ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಅದರ ನಡು ಬರುತ್ತದೆ. ಬಾಣ ಕಿತ್ತ ಮೇಲೆ ಬಟ್ಟೆಯ ಕ್ಲಿಪ್ ತೆಗೆದು ಹಿಂದೆ ಮಗುಚಿ ನೋಡುವುದು. ತೂತು ಗೆರೆಯ ಒಳಗಿದೆಯಾ, ಹೊರಗಿದೆಯಾ ಆಗಲೇ ಗೊತ್ತಾಗುತ್ತದೆ. ಎದುರಿನಿಂದ ಚೆನ್ನಾಗಿ ಬಿತ್ತು ಅನಿಸಿದ ಬಾಣ ಎಷ್ಟೋ ಸಲ ಹಿಂದೆ, ಹೊಟ್ಟೆಯ ಕಡೆ ಇರುತ್ತದೆ.

ಕೊರತೆಗಳೂ ಇವೆ. ಮೊದಲ ಪ್ರಿಂಟಿನಲ್ಲಿ ಮೈ ಕೆಂಪು ಜಾಸ್ತಿಯಾಗಿ ಬಂದಿತ್ತು. ಹೇಳಿದ ಮೇಲೆ ಮತ್ತೆ ಪ್ರಿಂಟ್ ಮಾಡಿ ಕೊಟ್ಟರು, ದುಡ್ಡು ಕೇಳಲಿಲ್ಲ. ಬಟ್ಟೆಯ ಅಂಚು ಮಡಚಿ ಹೊಲಿಯಲು ನೀವೇ ಹೇಳಬೇಕು, ಇಲ್ಲದಿದ್ದರೆ ಎಳೆ ಬಿಡುತ್ತದೆ. ಮಳೆ ತಾಗಿದರೆ ಬಣ್ಣ ಇಳಿಯುತ್ತದೆ. ರಟ್ಟಂತೂ ಜೂನ್ ಬಂತೆಂದರೆ ಅಟ್ಟಕ್ಕೆ ಹೋಗಬೇಕು. ನೆಲಕ್ಕೆ ಇಟ್ಟರೆ ಒರಲೆ ಹತ್ತುತ್ತದೆ, ನಾವು ಕಲ್ಲಿನ ಮೇಲೆ ಕೂರಿಸಿದ್ದೇವೆ. ಮತ್ತೆ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಆರ್ಡರ್ ಕೊಡಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಆಗ ಪೇಟೆಯ ಬ್ಯಾನರ್ ಅಂಗಡಿಯವರಿಗೆಲ್ಲ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ.

ಇದನ್ನು ನಮ್ಮಲ್ಲಿ ಬಳಸುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಇಲ್ಲಿ ಬೇಟೆ ಅಪರಾಧ, ಅಪರಾಧವೇ ಆಗಿರಬೇಕು. ಬಿಲ್ಲು ಹಿಡಿದು ಸೊಪ್ಪಿನ ಬೆಟ್ಟಕ್ಕೆ ಹೋಗಲೇಬೇಡಿ. ನಾನು ಕೊಯ್ಲು ಮುಗಿದ ನಮ್ಮ ಗದ್ದೆಯಲ್ಲಿ, ಎತ್ತರದ ಧರೆಯ ಎದುರಿಗೆ ನಿಲ್ಲಿಸುತ್ತೇನೆ. ತಪ್ಪಿದ ಬಾಣ ಮಣ್ಣಿಗೆ ಹೋಗುತ್ತದೆ. ಹಲಗೆಗೋ ಕಲ್ಲಿಗೋ ತಾಗಿದ ಕಾರ್ಬನ್ ಬಾಣವನ್ನು ಬಗ್ಗಿಸಿ, ಸೀಳು ಬಿಟ್ಟಿಲ್ಲ ಅಂತ ನೋಡಿಯೇ ಮತ್ತೆ ಬಿಲ್ಲಿಗೆ ಹೂಡಿ. ಸೀಳು ಬಿಟ್ಟದ್ದು ಹೊಡೆಯುವಾಗ ಒಡೆದು ಕೈಗೆ ಚುಚ್ಚುತ್ತದೆ.

ಅಳಿಯ ಅಲ್ಲಿ ಹೋಗಿ ರಟ್ಟಿನ ಬ್ಲಾಕ್ ಅಲ್ಲೇ ಮಾಡಿಕೊಂಡ. "ಮಾವ, 40 ಗಜಕ್ಕೆ ನಿಂತಾಗ ಅಂದಾಜು ಈಗ ತಪ್ಪುತ್ತಾ ಇಲ್ಲ" ಅಂತ ಫೋನ್ ಮಾಡಿದ್ದ. ಅವನ ಜೊತೆಗಾರರೂ ಇಂಥದ್ದೇ ಒಂದು ಬೇಕು ಅಂತ ಕೇಳುತ್ತಿದ್ದಾರಂತೆ. ಮುಂದಿನ ಆರ್ಡರ್ ಹೆಣ್ಣು ಎಲ್ಕ್‌ನದ್ದು. ಅದು ಪೂರ್ತಿ ಅಡ್ಡ ನಿಂತಿಲ್ಲ, ಓರೆಯಾಗಿ ಹಿಂದೆ ತಿರುಗಿ ನಿಂತಿದೆ. ಓರೆ ನಿಂತಾಗ ಬಾಣ ಎದೆಗೆ ಹೋಗಲು ಬೇರೆ ಜಾಗದಿಂದ ಒಳಹೊಕ್ಕಬೇಕಾಗುತ್ತದೆ, ಹಿಂಬದಿಯ ಗೆರೆಯನ್ನೂ ಅದಕ್ಕೆ ತಕ್ಕಂತೆ ಎಳೆಯಬೇಕು. ಫೋಟೋ ಅಂಗಡಿಗೆ ಕೊಟ್ಟಾಗಿದೆ, ಈ ಸಲ ಅಂಚು ಮಡಚಿ ಹೊಲಿಯುವುದನ್ನೂ ಬರೆದುಕೊಟ್ಟಿದ್ದೇನೆ.