ಟಚ್‌ಸ್ಕ್ರೀನ್ ಕಾರೋ, ನಾಬ್ ಇರುವ ಕಾರೋ: ಚಿಕ್ಕಬಳ್ಳಾಪುರದ ಮಂಜಿನಲ್ಲಿ ಎರಡನ್ನೂ ಓಡಿಸಿದ ಮೇಲೆ

ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಗೆ ನಿತ್ಯ ಬೆಳಿಗ್ಗೆ ಕೆಲಸಕ್ಕೆ ಹೋಗುವ ನನ್ನಂಥವರಿಗೆ, ಕೈಯಿಂದ ತಿರುಗಿಸುವ ನಾಬುಗಳಿರುವ ಮಧ್ಯಮ ದರ್ಜೆಯ ಕಾರೇ ಸರಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ಖಚಿತವಾಗಿ ಹೇಳಲು ನನಗೊಂದು ಅನುಕೂಲ ಒದಗಿಬಂತು. ನಾನು ಮತ್ತು ನನ್ನ ತಮ್ಮ ಒಂದೇ ವರ್ಷದಲ್ಲಿ ಒಂದೇ ಮಾದರಿಯ ಕಾರು ಕೊಂಡೆವು. ಇಂಜಿನ್ ಒಂದೇ, ಬಾಡಿ ಒಂದೇ, ಆರು ಏರ್‌ಬ್ಯಾಗುಗಳು ಎರಡರಲ್ಲೂ ಇವೆ. ತಮ್ಮ ಟಚ್‌ಸ್ಕ್ರೀನಿನ ಟಾಪ್ ಎಂಡ್ ವೇರಿಯಂಟ್, ಅಂದರೆ ಆ ಮಾದರಿಯ ಎಲ್ಲಕ್ಕಿಂತ ಮೇಲಿನ ಆವೃತ್ತಿ ತೆಗೆದುಕೊಂಡ, ನಾನು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನ, ನಾಬುಗಳಿರುವುದನ್ನು ತೆಗೆದುಕೊಂಡೆ. ಆನ್‌ರೋಡ್ ಬೆಲೆಯಲ್ಲಿ ಇವೆರಡರ ನಡುವೆ ನಾಲ್ಕು ಲಕ್ಷದ ಆಸುಪಾಸು ಅಂತರವಿದೆ. ಇಬ್ಬರ ಮನೆಯೂ ಒಂದೇ ಕಾಂಪೌಂಡಿನಲ್ಲಿರುವುದರಿಂದ ಕೀಲಿಗಳು ಆಗಾಗ ಅದಲುಬದಲಾಗುತ್ತಿರುತ್ತವೆ. ಹೀಗಾಗಿ ಚಳಿಗಾಲದಲ್ಲೂ ಮಳೆಗಾಲದಲ್ಲೂ ಎರಡನ್ನೂ ಓಡಿಸಿ ನೋಡುವುದು ಸಾಧ್ಯವಾಯಿತು. ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಈಗ ಹೆಚ್ಚಿನ ಕಂಪನಿಗಳು ವೇರಿಯಂಟುಗಳನ್ನು ಹೀಗೆಯೇ ವಿಂಗಡಿಸುತ್ತಿವೆ.

ನನ್ನ ತೀರ್ಮಾನಕ್ಕೆ ಕಾರಣವಾದ ತೊಂದರೆ ಷೋರೂಮಿನಲ್ಲಿ ಯಾರ ಗಮನಕ್ಕೂ ಬರುವಂಥದ್ದಲ್ಲ. ಮುಂದಿನ ಗಾಜಿಗೆ ಒಳಗಡೆಯಿಂದ ಆವಿ ಕಟ್ಟಿದಾಗ ಅದನ್ನು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕಳೆಯಲು ಆಗುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಅದು. ಬೆಂಗಳೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಟೆಸ್ಟ್ ಡ್ರೈವ್ ಮಾಡಿದವರಿಗೆ ಇದೊಂದು ವಿಷಯವೆಂದೇ ಅನ್ನಿಸದು. ನಮ್ಮ ಕಡೆ ಹಾಗಲ್ಲ. ಮಳೆ ಮುಗಿದು ಕೆರೆಗಳು ತುಂಬಿರುವ ವರ್ಷಗಳಲ್ಲಿ ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ನಂದಿ ಮತ್ತು ಸ್ಕಂದಗಿರಿಯ ಸಾಲಿನಿಂದ ಇಳಿಯುವ ಮಂಜು ಹೆದ್ದಾರಿಯ ಮೇಲೆ ಬಂದು ಕೂರುತ್ತದೆ, ಪೇರೇಸಂದ್ರ ದಾಟುವವರೆಗೂ ಕೆಲವು ಬೆಳಗುಗಳಲ್ಲಿ ಮುಂದಿನ ಲಾರಿಯ ಹಿಂಬದಿ ದೀಪ ತೀರ ಹತ್ತಿರ ಹೋದ ಮೇಲಷ್ಟೇ ಕಾಣಿಸುತ್ತದೆ. 2023ರ ಅಕ್ಟೋಬರ್ 26ರ ಬೆಳಿಗ್ಗೆ, ಇದೇ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಒಂದು ಹಿಂದಿನಿಂದ ಗುದ್ದಿ 13 ಜನ ತೀರಿಕೊಂಡರು. ಆ ಹೊತ್ತಿನಲ್ಲಿ ದಟ್ಟವಾದ ಮಂಜು ಕವಿದಿತ್ತು. ಆ ದಾರಿಯಲ್ಲಿ ನಿತ್ಯ ಹೋಗುವ ನಾವು ಅದನ್ನು ಮರೆಯುವ ಹಾಗಿಲ್ಲ, ಮತ್ತು ಗಾಜಿನಾಚೆ ಏನಿದೆ ಎಂಬುದು ಕಾಣಿಸದ ಒಂದೆರಡು ಸೆಕೆಂಡುಗಳನ್ನು ಸಣ್ಣ ಮಾತೆಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಆವಿ ಕಟ್ಟುವುದೇಕೆಂದು ತಿಳಿದರೆ ಎರಡು ಕಾರುಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಾರಿನೊಳಗೆ ಕುಳಿತವರ ಉಸಿರಿನಿಂದ, ಒದ್ದೆ ಬಟ್ಟೆಯಿಂದ ಗಾಳಿ ತೇವವಾಗುತ್ತದೆ. ಆ ಗಾಳಿ ಹೊರಗಿನ ಚಳಿಗೆ ತಣ್ಣಗಾದ ಗಾಜಿಗೆ ತಾಗಿದಾಗ ನೀರಿನ ಪೊರೆ ಕಟ್ಟುತ್ತದೆ. ಅದನ್ನು ಬಿಡಿಸಲು ಒಳಗಿನ ಗಾಳಿಯನ್ನೇ ಸುತ್ತಿಸುವುದನ್ನು ನಿಲ್ಲಿಸಿ ಹೊರಗಿನ ಗಾಳಿಗೆ ದಾರಿ ಮಾಡಬೇಕು, ಗಾಳಿಯ ತೇವ ಹಿಂಗಿಸಲು ಎಸಿ ಹಾಕಬೇಕು, ಜೊತೆಗೆ ಸ್ವಲ್ಪ ಬಿಸಿ ಬೆರೆಸಿ ಅಷ್ಟೂ ಗಾಳಿಯನ್ನು ಗಾಜಿನತ್ತ ತಿರುಗಿಸಬೇಕು. ಮಳೆಗಾಲದಲ್ಲಿ ಸಮಸ್ಯೆ ಕೆಲವೊಮ್ಮೆ ತಿರುಗುಮುರುಗಾಗುತ್ತದೆ. ಎಸಿಯ ತಂಪು ಗಾಳಿ ಬಹಳ ಹೊತ್ತು ಗಾಜಿಗೆ ಬಡಿದರೆ ಆವಿ ಹೊರಗಡೆ ಕಟ್ಟುತ್ತದೆ, ಆಗ ವೈಪರ್ ಒಮ್ಮೆ ಆಡಿಸಿ ತಂಪನ್ನು ಕಡಿಮೆ ಮಾಡಬೇಕು. ಅಂದರೆ ಇದು ಒಂದು ಬಟನ್ ಒತ್ತಿ ಮರೆತುಬಿಡುವ ಕೆಲಸವಲ್ಲ. ಹೆದ್ದಾರಿ ಏರಿ ಇಳಿಯುವಾಗ, ಮಂಜಿನ ಪಟ್ಟಿಯೊಳಗೆ ಹೋಗಿ ಹೊರಬರುವಾಗ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಸರಿಪಡಿಸಿಕೊಳ್ಳುತ್ತಲೇ ಇರಬೇಕು.

ನನ್ನ ಕಾರಿನಲ್ಲಿ ಎಡಗೈ ಇಳಿಬಿಟ್ಟರೆ ಮೂರು ದುಂಡನೆಯ ನಾಬುಗಳು ಸಾಲಾಗಿ ಸಿಗುತ್ತವೆ. ಒಂದು ಬಿಸಿ-ತಂಪಿಗೆ, ಮಧ್ಯದ್ದು ಫ್ಯಾನಿಗೆ, ಇನ್ನೊಂದು ಗಾಳಿಯ ದಿಕ್ಕಿಗೆ. ದಿಕ್ಕಿನ ನಾಬನ್ನು ಬಲಕ್ಕೆ ಅದು ನಿಲ್ಲುವವರೆಗೆ ತಿರುಗಿಸಿದರೆ ಗಾಳಿಯೆಲ್ಲ ಗಾಜಿಗೆ ಹೋಗುತ್ತದೆ, ಕೊನೆ ಮುಟ್ಟಿದ್ದು ಬೆರಳಿಗೇ ತಿಳಿಯುತ್ತದೆ. ಒಳಗಾಳಿ-ಹೊರಗಾಳಿಗೆ ಅಡ್ಡಡ್ಡ ಜರುಗಿಸುವ ಒಂದು ಸಣ್ಣ ಹಿಡಿ ಇದೆ. ಒಂದು ವಾರ ಓಡಿಸಿದ ಮೇಲೆ ಇವುಗಳಲ್ಲಿ ಯಾವುದನ್ನೂ ನಾನು ನೋಡಿ ತಿರುಗಿಸಿಲ್ಲ. ತಮ್ಮನ ಕಾರಿನಲ್ಲಿ ಅದೇ ಜಾಗದಲ್ಲಿ ಕನ್ನಡಿಯಂತೆ ನುಣುಪಾದ ಕಪ್ಪು ಪಟ್ಟಿ ಇದೆ. ಗಾಜಿಗೆ ಗಾಳಿ ಬಿಡುವ ಗುರುತು ಆ ಪಟ್ಟಿಯ ಮೇಲೆಯೇ ಇರುವುದೇನೋ ನಿಜ, ಆದರೆ ಅದು ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಾಗುವುದಿಲ್ಲ, ಒತ್ತಿದ್ದು ನಾಟಿತೋ ಇಲ್ಲವೋ ಎಂಬುದು ದೀಪ ಹತ್ತಿದ್ದನ್ನು ನೋಡದೆ ತಿಳಿಯುವುದಿಲ್ಲ. ಫ್ಯಾನಿನ ವೇಗ, ಒಳಗಾಳಿ-ಹೊರಗಾಳಿ, ಬಿಸಿಯ ಹದ ಇವೆಲ್ಲ ಮೇಲಿನ ಪರದೆಯಲ್ಲಿವೆ. ಪರದೆಯಲ್ಲಿ ಮ್ಯಾಪ್ ತೆರೆದಿದ್ದರೆ ಮೊದಲು ಅದನ್ನು ಸರಿಸಬೇಕು, ಆಮೇಲೆ ಎಸಿಯ ಪುಟ ತೆರೆಯಬೇಕು, ಆಮೇಲೆ ಗುರುತು ಹುಡುಕಬೇಕು. ರಸ್ತೆಯ ಉಬ್ಬಿಗೆ ಕಾರು ಕುಲುಕಿದರೆ ಬೆರಳು ಪಕ್ಕದ ಗುರುತಿನ ಮೇಲೆ ಬೀಳುತ್ತದೆ. ಬೆರಳು ಒದ್ದೆಯಾಗಿದ್ದರಂತೂ ಒತ್ತಿದ್ದು ಕೆಲವೊಮ್ಮೆ ತಗಲುವುದೇ ಇಲ್ಲ.

"ಆಟೊಗೆ ಹಾಕಿ ಬಿಟ್ಟುಬಿಡು ಅಣ್ಣ, ಅದೇ ನೋಡ್ಕೊಳ್ಳುತ್ತೆ" ಎಂದು ತಮ್ಮ ಹೇಳುತ್ತಾನೆ. ಅವನು ಹೇಳಿದಂತೆಯೂ ಮಾಡಿ ನೋಡಿದ್ದೇನೆ. ಆಟೊ ಎಸಿ ನೋಡಿಕೊಳ್ಳುವುದು ಒಳಗಿನ ಉಷ್ಣತೆಯನ್ನು. ಗಾಜಿನ ಹತ್ತಿರದ ತೇವವನ್ನು ಅಳೆಯುವ ಸೆನ್ಸರ್ ಕೆಲವು ದುಬಾರಿ ಕಾರುಗಳಲ್ಲಿರುತ್ತದೆ, ಈ ಮಾದರಿಯಲ್ಲಿ ಇಲ್ಲ. ಒಳಗೆ ಬೆಚ್ಚಗಿದ್ದರೆ ಸಾಕೆಂದು ಅದು ಫ್ಯಾನನ್ನು ಇಳಿಸುತ್ತದೆ, ಅದೇ ಹೊತ್ತಿಗೆ ಗಾಜಿನ ಎರಡು ಮೂಲೆಗಳಿಂದ ಬಿಳಿ ಪೊರೆ ನಡುವಿಗೆ ಹಬ್ಬುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮಂಜಿಗೆ ಹೆದರಿ 40ಕ್ಕೆ ಇಳಿಸಿದರೂ ಪರದೆಯ ಮೇಲೆ ಎರಡು ಸೆಕೆಂಡು ಕಣ್ಣಿಟ್ಟರೆ 22 ಮೀಟರ್ ದೂರವನ್ನು ನೋಡದೆ ಓಡಿಸಿದಂತಾಯಿತು. ಕೆಟ್ಟು ನಿಂತ ಲಾರಿಯ ಹಿಂದೆ ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಡುವುದೇ ಎಚ್ಚರಿಕೆ ಎಂದುಕೊಂಡಿರುವ ದಾರಿಯಲ್ಲಿ ಆ 22 ಮೀಟರ್ ಬಹಳ ದೊಡ್ಡದು.

ಇದು ನನ್ನೊಬ್ಬನ ಕೊರಗಲ್ಲ. ಸ್ವೀಡನ್ನಿನ ವಾಹನ ಪತ್ರಿಕೆ ವಿ ಬಿಲೇಗರೆ 2022ರಲ್ಲಿ ಹನ್ನೊಂದು ಹೊಸ ಕಾರುಗಳನ್ನೂ ಅವುಗಳ ಜೊತೆಗೆ 2005ರ ಒಂದು ಹಳೆಯ ವೋಲ್ವೊ ವಿ70 ಕಾರನ್ನೂ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಚಾಲಕರು ನಾಲ್ಕು ಸಾಮಾನ್ಯ ಕೆಲಸಗಳನ್ನು ಮುಗಿಸುವಷ್ಟರಲ್ಲಿ ಕಾರು ಎಷ್ಟು ದೂರ ಹೋಗಿರುತ್ತದೆ ಎಂದು ಅಳೆಯಿತು. ಗಾಜಿನ ಆವಿ ತೆಗೆಯುವುದೂ ಆ ಕೆಲಸಗಳಲ್ಲಿ ಸೇರಿತ್ತು. ಬಟನ್‌ಗಳಿದ್ದ ಹಳೆಯ ವೋಲ್ವೊದಲ್ಲಿ ಎಲ್ಲ ಮುಗಿಯಲು ಹತ್ತು ಸೆಕೆಂಡು ಸಾಕಾಯಿತು, ಕಾರು 306 ಮೀಟರ್ ಸಾಗಿತ್ತು. ಕೊನೆಯ ಸ್ಥಾನಕ್ಕೆ ಬಂದ ಹೊಸ ಕಾರು ಅದೇ ಕೆಲಸಗಳು ಮುಗಿಯುವಷ್ಟರಲ್ಲಿ 1,372 ಮೀಟರ್ ಸಾಗಿತ್ತು. ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯೂರೊ ಎನ್‌ಕ್ಯಾಪ್ ಕೂಡ ಇಂಡಿಕೇಟರ್, ಹಜಾರ್ಡ್ ದೀಪ, ವೈಪರ್, ಹಾರ್ನ್, ತುರ್ತು ಕರೆ ಇಷ್ಟಕ್ಕೂ ಒಳ್ಳೆಯ ಅಂಕ ಸಿಗಬೇಕಾದರೆ ಕೈಗೆ ಸಿಗುವ ಸ್ವಿಚ್ಚುಗಳೇ ಇರಬೇಕೆಂದು 2026ರ ತನ್ನ ನಿಯಮಗಳಲ್ಲಿ ಸೇರಿಸಿದೆ. ಗಾಜಿನ ಆವಿ ತೆಗೆಯುವ ಸ್ವಿಚ್ಚನ್ನೂ ಆ ಪಟ್ಟಿಯಲ್ಲಿ ಸೇರಿಸಬೇಕಿತ್ತು ಎಂಬುದು ನನ್ನ ಬಲವಾದ ಅನಿಸಿಕೆ.

ಹಾಗೆಂದು ಹೊಸ ತಂತ್ರಜ್ಞಾನವೆಲ್ಲ ಅಡ್ಡಿ ಎಂದು ನಾನು ಹೇಳುತ್ತಿಲ್ಲ. ತಮ್ಮನ ಕಾರಿನಲ್ಲಿರುವ, ನನ್ನದರಲ್ಲಿಲ್ಲದ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ನಾನು ನಿಜವಾಗಿಯೂ ಬಯಸುತ್ತೇನೆ. ಬಿ.ಬಿ. ರಸ್ತೆಯಲ್ಲಿ ಸಂಜೆಯ ಹೊತ್ತು, ನಿಂತ ಬಸ್ಸಿನ ಮುಂದಿನಿಂದ ಬೈಕೊಂದು ಅಡ್ಡ ನುಗ್ಗಿದಾಗ ತಮ್ಮನ ಕಾಲು ಪೆಡಲಿಗೆ ಹೋಗುವ ಮೊದಲೇ ಕಾರು ಬ್ರೇಕ್ ಹಿಡಿದಿತ್ತು. ನಾನು ಪಕ್ಕದ ಸೀಟಿನಲ್ಲಿದ್ದೆ. ಆದರೆ ನನಗೆ ಅದು ಹೆಚ್ಚು ಬೇಕಾದ ಜಾಗದಲ್ಲಿ, ಅಂದರೆ ಮಂಜಿನ ಹೆದ್ದಾರಿಯಲ್ಲಿ, ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಇಂಥ ವ್ಯವಸ್ಥೆಗಳು ಮುಂದಿನ ದಾರಿಯನ್ನು ನೋಡುವುದು ಕ್ಯಾಮೆರಾ, ರೇಡಾರ್‌ಗಳಿಂದ. ಕ್ಯಾಮೆರಾಕ್ಕೆ ಮಂಜಿನಲ್ಲಿ ಕಾಣುವುದು ನಮ್ಮ ಕಣ್ಣಿಗಿಂತ ಹೆಚ್ಚೇನಲ್ಲ. ರೇಡಾರ್ ಮಂಜನ್ನು ದಾಟಿ ನೋಡಬಲ್ಲದು, ಆದರೆ ರಸ್ತೆಬದಿಯ ಫಲಕ, ಕಂಬ, ಸೇತುವೆಗಳಿಗೆಲ್ಲ ಬ್ರೇಕ್ ಬೀಳದಿರಲೆಂದು ಅನೇಕ ವ್ಯವಸ್ಥೆಗಳು ಕಾರು ಹೆಚ್ಚಿನ ವೇಗದಲ್ಲಿದ್ದಾಗ ನಿಂತ ವಸ್ತುಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಂಜು, ಜೋರು ಮಳೆಯಲ್ಲಿ ಇದು ಕೆಲಸ ಮಾಡದಿರಬಹುದು ಎಂದು ತಮ್ಮನ ಕಾರಿನ ಕೈಪಿಡಿಯಲ್ಲೇ ಬರೆದಿದೆ.

ಲೇನ್ ಬಿಡದಂತೆ ಸ್ಟಿಯರಿಂಗ್ ಎಳೆಯುವ ವ್ಯವಸ್ಥೆ ಗೌರಿಬಿದನೂರು ರಸ್ತೆಯಲ್ಲಿ ನನಗೆ ಹಿಡಿಸಲಿಲ್ಲ. ಸೇವಂತಿಗೆ ಮೂಟೆಗಳನ್ನು ಅಂಚು ಮೀರಿ ಹೇರಿಕೊಂಡ ಟೆಂಪೊ ಎದುರು ಬಂದಾಗ ನಾವು ಬಿಳಿ ಗೆರೆ ದಾಟಿ ಎಡಕ್ಕೆ ಸರಿಯಲೇಬೇಕು, ಕಾರು ಆ ಕ್ಷಣದಲ್ಲೇ ಬಲಕ್ಕೆ ಎಳೆಯುತ್ತದೆ. ಎಳೆತ ಬಲವಾದುದೇನಲ್ಲ, ಕೈ ಬಿಗಿಹಿಡಿದರೆ ಮಣಿಯುತ್ತದೆ, ಆದರೂ ಆ ಗಳಿಗೆಯಲ್ಲಿ ಬೇಡವಾದ ಜಗ್ಗಾಟ.

ಮುಂದಿನ ವಾಹನದ ಅಂತರ ಕಾಯುವ ಕ್ರೂಸ್ ಕಂಟ್ರೋಲ್ ದೇವನಹಳ್ಳಿಯಿಂದ ಹೆಬ್ಬಾಳದವರೆಗೆ ಬಹಳ ಚೆನ್ನಾಗಿದೆ. ಟೈರಿನ ಗಾಳಿ ಕಡಿಮೆಯಾದರೆ ತಿಳಿಸುವ ದೀಪ ಎರಡು ಕಾರಿನಲ್ಲೂ ಇದೆ, ಅದಿಲ್ಲದ ಕಾರನ್ನು ನಾನಿನ್ನು ಕೊಳ್ಳಲಾರೆ. ನಂದಿ ಬೆಟ್ಟದ ತಿರುವುಗಳಲ್ಲಿ ಕಾರು ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಕೂಡ ಹಾಗೆಯೇ. 80 ದಾಟಿದರೆ ಕೇಳಿಸುವ ಸದ್ದು 2019ರ ಜುಲೈಯಿಂದ ಎಲ್ಲ ಹೊಸ ಕಾರುಗಳಲ್ಲೂ ಕಡ್ಡಾಯವಾಗಿದೆ. ಅದರ ಬಗ್ಗೆ ನನಗೆ ದೂರಿಲ್ಲ. ಇವು ಯಾವುವೂ ನನ್ನ ಕಣ್ಣನ್ನು ಕೇಳುವುದಿಲ್ಲ.

ಖರ್ಚಿನ ವಿಚಾರದಲ್ಲಿ ಒಂದು ಸಂಗತಿಯನ್ನು ಷೋರೂಮಿನಲ್ಲಿ ಯಾರೂ ನಮಗೆ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ ಕಲ್ಲು ಕ್ವಾರಿಗಳು, ಕ್ರಷರುಗಳು ಹೇರಳವಾಗಿವೆ, ಟಾರ್ಪಾಲು ಹೊದಿಸದ ಟಿಪ್ಪರುಗಳಿಂದ ಜಲ್ಲಿ ಉದುರುವುದು ಹೊಸದಲ್ಲ. ಹಾಗೆ ಸಿಡಿದ ಒಂದು ಜಲ್ಲಿಕಲ್ಲಿಗೆ ತಮ್ಮನ ಕಾರಿನ ಮುಂದಿನ ಗಾಜು ಬಿರುಕುಬಿಟ್ಟಿತು. ಟಾಪ್ ಎಂಡಿನಲ್ಲಿ ಕ್ಯಾಮೆರಾ ಆ ಗಾಜಿನ ಹಿಂಭಾಗದಲ್ಲೇ ಕೂತಿರುತ್ತದೆ. ಗಾಜು ಬದಲಾಯಿಸಿದ ಮೇಲೆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸಲೇಬೇಕು, ಕೂದಲೆಳೆಯಷ್ಟು ಓರೆಯಾದರೂ ದೂರದಲ್ಲಿ ಅದು ಲೇನನ್ನೇ ತಪ್ಪಾಗಿ ಲೆಕ್ಕಹಾಕುತ್ತದೆ. ಆ ಸಲಕರಣೆ ಇದ್ದದ್ದು ಬೆಂಗಳೂರಿನ ಸರ್ವಿಸ್ ಸೆಂಟರಿನಲ್ಲಿ. ಗಾಜು ಬರುವುದಕ್ಕೆ ಕಾಯಬೇಕಾಯಿತು, ಸರಿಹೊಂದಿಸುವ ಸರದಿಗೆ ಇನ್ನೊಮ್ಮೆ ಕಾಯಬೇಕಾಯಿತು. ಅಷ್ಟು ದಿನ ತಮ್ಮ ನನ್ನ ಕಾರಿನಲ್ಲಿ ಓಡಾಡಿದ, ನಾನು ಬಾಗೇಪಲ್ಲಿಗೆ ಬಸ್ಸಿನಲ್ಲಿ ಹೋದೆ. ನನ್ನ ಕಾರಿಗೂ ಇದೇ ಆಗಿದ್ದರೆ ಗಾಜು ಬಂದ ದಿನವೇ ಊರಲ್ಲೇ ಕೂರಿಸಿಕೊಂಡು ಸಂಜೆಗೆ ಮನೆಗೆ ತರಬಹುದಿತ್ತು.

ತಮ್ಮನ ಕೆಲಸ ಯಲಹಂಕದಲ್ಲಿ. ಅವನು ಮನೆ ಬಿಡುವುದು ಒಂಬತ್ತರ ಮೇಲೆ, ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ, ದಾರಿಯುದ್ದಕ್ಕೂ ಗೆರೆಗಳು ಸ್ಪಷ್ಟವಾಗಿರುವ ಅಗಲವಾದ ಹೆದ್ದಾರಿ, ಕೊನೆಗೆ ಉದ್ದನೆಯ ಟ್ರಾಫಿಕ್. ಅಂಥ ದಿನಚರಿಗೆ ಟಾಪ್ ಎಂಡ್ ಒಪ್ಪುತ್ತದೆ, ನಾಲ್ಕು ಲಕ್ಷ ಹೆಚ್ಚು ಕೊಟ್ಟದ್ದಕ್ಕೆ ಅವನಿಗೆ ಬೇಸರವಿಲ್ಲ. ನಾನು ಆರು ಗಂಟೆಗೆ ಮನೆ ಬಿಡುವವನು, ಕಂತಿನ ಮೊತ್ತ ನೋಡಿ ಕಾರು ಆರಿಸಿದವನು. ತಾನಾಗಿ ಬ್ರೇಕ್ ಹಾಕುವುದೊಂದನ್ನು ನಾಬುಗಳಿರುವ ವೇರಿಯಂಟಿಗೂ ಕೊಟ್ಟಿದ್ದರೆ ಅದಕ್ಕಾಗಿ ಇನ್ನೂ ಐವತ್ತು ಸಾವಿರ ಹೊಂದಿಸುತ್ತಿದ್ದೆ. ಅದು ಬೇಕಾದರೆ ಪರದೆಯನ್ನೂ ಜೊತೆಗೆ ಕೊಳ್ಳಲೇಬೇಕು ಎನ್ನುವ ಕಂಪನಿಗಳ ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಉಳಿದ ಹಣದಲ್ಲಿ ಸ್ವಲ್ಪ ಭಾಗವನ್ನು ಕಂಪನಿಯದೇ ಫಾಗ್ ಲ್ಯಾಂಪುಗಳಿಗೆ ಹಾಕಿದೆ. ಈಚಿನ ಅನೇಕ ಮಾದರಿಗಳಲ್ಲಿ ಅವನ್ನು ಕೈಬಿಡುತ್ತಿದ್ದಾರೆ, ನಮ್ಮ ಕಡೆಯವರು ಬುಕ್ ಮಾಡುವ ಮೊದಲು ಕೇಳಿ ತಿಳಿದುಕೊಳ್ಳಬೇಕು. ಟೆಸ್ಟ್ ಡ್ರೈವನ್ನು ಸಾಧ್ಯವಾದರೆ ಬೆಳಗಿನ ಜಾವ ಕೇಳಿ. ಆಗುವುದಿಲ್ಲವೆಂದರೆ ನಿಂತ ಕಾರಿನಲ್ಲೇ ಕುಳಿತು, ದೃಷ್ಟಿಯನ್ನು ಎದುರಿನ ಗೋಡೆಯ ಮೇಲಿಟ್ಟು, ಗಾಳಿಯನ್ನು ಗಾಜಿಗೆ ತಿರುಗಿಸಿ, ಫ್ಯಾನ್ ಏರಿಸಿ, ಹೊರಗಾಳಿಗೆ ಬದಲಾಯಿಸಿ ನೋಡಿ. ಮೂರೂ ಕೆಲಸ ಕೈಯಂದಾಜಿನಲ್ಲೇ ಮುಗಿದರೆ ಮಾತ್ರ ಮುಂಗಡ ಕೊಡಿ.