ಒಂದೇ ಸಾಲಿನ ಪುಸ್ತಕ ಮತ್ತು ನನ್ನ ಇಮ್ಯಾಕ್ಸ್

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. 2013ರಿಂದ ಟೈಪಿಂಗ್, ಕರಡು ತಿದ್ದುವುದು ಎಲ್ಲಕ್ಕೂ ಇಮ್ಯಾಕ್ಸ್ ಎಂಬ ಪಠ್ಯ ಎಡಿಟರ್ ಬಳಸುತ್ತಿದ್ದೇನೆ. ಅದರ ಕೀಲಿಗಳು ಬೆರಳಿಗೆ ಅಂಟಿಹೋಗಿವೆ; ಬೇರೆ ಎಡಿಟರ್ ಕಲಿಯುವ ಆಸೆಯಿಲ್ಲ. ಆದರೆ 2019ರಲ್ಲಿ ಬಂದ ಒಂದು ಕಡತ ನನ್ನ ಎರಡು ದಿನ ತಿಂದಿತು.

ಚಿತ್ರದುರ್ಗದ ಇತಿಹಾಸ ಕುರಿತ ಹಸ್ತಪ್ರತಿ, ಹಳೆಯ ಫಾಂಟಿನಲ್ಲಿ ಟೈಪಾದದ್ದು. ಯೂನಿಕೋಡ್‌ಗೆ ತರಲು ಯಾವುದೋ ಪರಿವರ್ತಕಕ್ಕೆ ಹಾಕಿದರೆ ಅದು ಪ್ಯಾರಾಗಳನ್ನೆಲ್ಲ ನುಂಗಿ, ಇಡೀ ಪುಸ್ತಕವನ್ನು ಒಂದೇ ಸಾಲಾಗಿ ಉಗುಳಿತು. ಗಾತ್ರ ಒಂದೂವರೆ ಎಂಬಿ, ಅಷ್ಟೇ. ಬಾಣದ ಕೀಲಿ ಒತ್ತಿದರೆ, ಕರ್ಸರ್ ಕದಲುವ ಹೊತ್ತಿಗೆ ಏಕೆ ಒತ್ತಿದೆನೆಂಬುದೇ ಮರೆತಿರುತ್ತಿತ್ತು.

ಮೊದಲು ಲ್ಯಾಪ್‌ಟಾಪನ್ನು ಬೈದೆ. ಆಮೇಲೆ ನನ್ನ ಸೆಟ್ಟಿಂಗ್‌ಗಳ ಮೇಲೆ ಅನುಮಾನ ಬಂದು, ಅವು ಯಾವುವೂ ಇಲ್ಲದಂತೆ ‘-ಕ್ಯೂ’ ಹಾಕಿ ತೆರೆದೆ. ಅದೇ ಪಾಡು. ಹೊತ್ತು ಎಲ್ಲಿ ಹೋಗುತ್ತದೆಂದು ತೋರಿಸುವ ಪ್ರೊಫೈಲರ್ ಓಡಿಸಿದರೆ ಹೊತ್ತೆಲ್ಲ ‘ರೀಡಿಸ್ಪ್ಲೇ’ಯಲ್ಲಿ, ಅಂದರೆ ಪರದೆಯನ್ನು ಮತ್ತೆ ಬರೆಯುವುದರಲ್ಲಿ, ಹೋಗಿತ್ತು. ಏಕೆಂದು ಮಾತ್ರ ಅದು ಬಾಯಿ ಬಿಡುವುದಿಲ್ಲ. ನನ್ನ ದೊಡ್ಡ ತಕರಾರು ಇದೇ. ಸಾಲಿನ ತಲೆಯಲ್ಲಿದ್ದಾಗ ಓಡುತ್ತಿದ್ದ ಕರ್ಸರ್ ಬಾಲಕ್ಕೆ ಬಂದಂತೆ ತೆವಳುವುದನ್ನು ನೋಡಿ ಸುಳಿವು ಸಿಕ್ಕಿತು: ಕರ್ಸರ್ ಎಲ್ಲಿದ್ದರೂ ಇಮ್ಯಾಕ್ಸ್ ಸಾಲಿನ ಆರಂಭಕ್ಕೆ ಹೋಗಿ ಅಲ್ಲಿಂದ ಅಳೆದುಕೊಂಡು ಬರಬೇಕು. ಜೊತೆಗೆ, ಪಠ್ಯ ಬಲದಿಂದ ಎಡಕ್ಕೆ ಓದುವಂಥದ್ದೇ ಎಂದು 24ನೇ ಆವೃತ್ತಿಯಿಂದ ಮಾಡುವ ತಪಾಸಣೆ ಬೇರೆ. ‘ಬೈಡಿ-ಪ್ಯಾರಾಗ್ರಾಫ್-ಡೈರೆಕ್ಷನ್’ ಅನ್ನು ಎಡದಿಂದ ಬಲಕ್ಕೆ ಎಂದು ಕಟ್ಟಿಹಾಕಿದ ಮೇಲೆ ಸ್ವಲ್ಪ ಹಗುರಾಯಿತು.

ಕನ್ನಡಕ್ಕೆ ಇನ್ನೊಂದು ಹೊರೆಯಿದೆ. ಅಷ್ಟೇ ಅಕ್ಷರಗಳ ಇಂಗ್ಲಿಷ್ ಸಾಲು ಕುಂಟುತ್ತಲಾದರೂ ಸಾಗಿತು, ಕನ್ನಡದ್ದು ಕೂತೇಬಿಟ್ಟಿತು. (ಎಂಬಿ ನೋಡಿ ಹೋಲಿಸಬೇಡಿ, ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್.) ಗುಣಿತ, ಒತ್ತುಗಳನ್ನು ಜೋಡಿಸುವ ‘ಆಟೋ-ಕಾಂಪೊಸಿಷನ್’ ನಿಲ್ಲಿಸಿದೆ. ವೇಗ ಬಂತು, ಆದರೆ ‘ಚಿತ್ರದುರ್ಗ’ದ ರವತ್ತು ಒಂದು ಕಡೆ, ಅರ್ಕಾವೊತ್ತು ಇನ್ನೊಂದು ಕಡೆ ಕಳಚಿ ಬಿದ್ದವು. ಹಾಗಿಟ್ಟುಕೊಂಡು ಕರಡು ತಿದ್ದುವುದುಂಟೇ? ಮತ್ತೆ ಹಾಕಿದೆ.

2020ರ 27.1ನೇ ಆವೃತ್ತಿಯಲ್ಲಿ ‘ಸೋ-ಲಾಂಗ್’ ಬಂತು. ಉದ್ದ ಸಾಲು ಕಂಡರೆ ಭಾರದ ಸೌಲಭ್ಯಗಳನ್ನು ತಾನೇ ನಿಲ್ಲಿಸುತ್ತದೆ. ತಾನಾಗಿ ನಡೆಯಬೇಕಾದರೆ ‘ಗ್ಲೋಬಲ್-ಸೋ-ಲಾಂಗ್-ಮೋಡ್’ ಹಾಕಿಡಬೇಕು. ನಿಜವಾದ ಮದ್ದು 2023ರ 29.1. ಸಾಲು ಐವತ್ತು ಸಾವಿರ ಅಕ್ಷರ ದಾಟಿದರೆ ಚಿತ್ರಿಸುವ ಕ್ರಮವನ್ನೇ ಅದು ಬದಲಿಸಿಕೊಳ್ಳುತ್ತದೆ. ಅದೇ ಹಳೆಯ ಕಡತವನ್ನು ತೆರೆದು ತುದಿಗೆ ಹಾರಿದೆ, ತಡವರಿಸಲಿಲ್ಲ. ಇಷ್ಟುದ್ದದ ಸಾಲಿನಲ್ಲಿ ಕೋಡ್‌ನ ಬಣ್ಣಗಳು ಅಲ್ಲಲ್ಲಿ ತಪ್ಪಬಹುದು, ನನಗೆ ಅದರಿಂದ ನಷ್ಟವಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ.

ಅಂದು ಆ ಪುಸ್ತಕ ಮುಗಿದದ್ದು ಬೇರೆ ದಾರಿಯಲ್ಲಿ. ಎಡಿಟರಿಗೆ ಕೊಡುವ ಮೊದಲೇ ಕಡತದ ಪಠ್ಯ ಬದಲಿಸುವ ‘ಸೆಡ್’ ಎಂಬ ಆಜ್ಞೆಯಿಂದ, ಪೂರ್ಣವಿರಾಮದ ಬೆನ್ನಿಗೆ ಖಾಲಿ ಜಾಗ ಸಿಕ್ಕಲ್ಲೆಲ್ಲ ಸಾಲು ಮುರಿಸಿದೆ. ಇಮ್ಯಾಕ್ಸ್ ಗರಿ ಬಿಚ್ಚಿ ಓಡಿತು. ಆದರೆ ‘ಕ್ರಿ.ಶ.’ ಒಂದು ಸಾಲಿನ ಕೊನೆಗೆ ನಿಂತು, ಹೈದರಾಲಿ ದುರ್ಗ ಹಿಡಿದ 1779 ಮುಂದಿನ ಸಾಲಿಗೆ ಜಾರಿತ್ತು, ‘ಡಾ.’ಗಳೆಲ್ಲ ಹೆಸರು ಕಳೆದುಕೊಂಡು ಕೂತಿದ್ದವು. ಎಫ್3 ಒತ್ತಿ ಒಂದನ್ನು ಹಿಂದಕ್ಕೆ ಸೇರಿಸಿ ತೋರಿಸಿದೆ. ಉಳಿದವನ್ನು ಎಫ್4 ಒತ್ತೊತ್ತಿ, ಇಮ್ಯಾಕ್ಸ್‌ನ ಮ್ಯಾಕ್ರೋದಿಂದಲೇ, ಅಂದರೆ ಒಮ್ಮೆ ತೋರಿಸಿದ್ದನ್ನು ಮತ್ತೆ ಮತ್ತೆ ಮಾಡುವ ಸೌಲಭ್ಯದಿಂದಲೇ, ಹೊಲಿಸಿದೆ.